ಪೂರ್ತಿ ಕಟ್ಟಿದ ಬೈಕ್ ಸಾಲವನ್ನು ‘ಸೆಟಲ್ಡ್’ ಎಂದು ಬರೆದಿದ್ದೀರಿ, ತಿದ್ದಿ

ಗೆ,
ಮುಖ್ಯ ದೂರು ಪರಿಹಾರ ಅಧಿಕಾರಿಗಳು,
ದ್ವಿಚಕ್ರ ವಾಹನ ಸಾಲ ವಿಭಾಗ

ಮಾನ್ಯರೇ,

ಇಷ್ಟು ದಿನ ಫೋನಿನಲ್ಲೇ ಕೇಳಿಕೊಂಡೆ. ನಿಮ್ಮ ಕಸ್ಟಮರ್ ಕೇರ್‌ನವರು ಪ್ರತಿ ಸಲ ಹೊಸ ಕಂಪ್ಲೇಂಟ್ ನಂಬರ್ ಕೊಟ್ಟರು. ಎರಡು ದಿನ ಬಿಟ್ಟು ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಬರುತ್ತಿತ್ತು. ಏನು ಪರಿಹಾರ ಅಂತ ಯಾರೂ ಹೇಳಲಿಲ್ಲ. ಕಳೆದ ವಾರ ನಿಮ್ಮ ತುಮಕೂರು ಶಾಖೆಯಲ್ಲಿ ನಮ್ಮಪ್ಪನ ಎದುರಿಗೆ ನಡೆದದ್ದನ್ನು ಕಂಡ ಮೇಲೆ ಇನ್ನು ಫೋನ್ ಮಾಡುವ ಮನಸ್ಸಿಲ್ಲ. ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಬರೆದು ಕಳಿಸುತ್ತಿದ್ದೇನೆ. ಸಾಲದ ನಂಬರ್, ರಸೀದಿ, ಎನ್‌ಒಸಿ (ಬಾಕಿ ಇಲ್ಲ ಅನ್ನುವ ಪತ್ರ) ಎಲ್ಲದರ ನಕಲೂ ಜೊತೆಗಿದೆ.

ನಾನು ತಿಪಟೂರು ತಾಲ್ಲೂಕಿನವನು. ಪಿಯುಸಿ ಮುಗಿಸಿ ಸೇನೆಗೆ ಸೇರಿದೆ. 2021ರಲ್ಲಿ ಊರಲ್ಲಿದ್ದ ತಮ್ಮನಿಗೆ ಕಾಲೇಜಿಗೆ ಹೋಗಿಬರಲು ಬೈಕ್ ಬೇಕಿತ್ತು. ನಿಮ್ಮಲ್ಲಿ ಸಾಲ ತೆಗೆದೆ. ಆಗ ನನ್ನ ಸಂಬಳದ ಚೀಟಿ ನೋಡಿ ಅರ್ಧ ಗಂಟೆಯಲ್ಲಿ ಮಂಜೂರು ಮಾಡಿದ್ದಿರಿ. ಕಂತು ಪ್ರತಿ ತಿಂಗಳು ಸಂಬಳದ ಖಾತೆಯಿಂದ ತಾನಾಗಿ ಕಡಿತ ಆಗುತ್ತಿತ್ತು.

2022ರ ಚಳಿಗಾಲದಲ್ಲಿ ಲಡಾಖ್ ಕಡೆ ಒಂದು ಮುಂಚೂಣಿ ಪೋಸ್ಟಿನಲ್ಲಿದ್ದೆ. ಅಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಅದೇ ಸಮಯದಲ್ಲಿ ನಿಮ್ಮ ಕಡೆಯಿಂದ ಆಟೋ ಡೆಬಿಟ್ ನಿಂತಿತು. ನನ್ನ ಖಾತೆಯಲ್ಲಿ ದುಡ್ಡಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ, ಆ ತಿಂಗಳುಗಳಲ್ಲಿ ಕಂತಿಗಿಂತ ಎಷ್ಟೋ ಪಾಲು ಜಾಸ್ತಿ ಹಣ ಸುಮ್ನೆ ಕೂತಿದೆ. ನೀವು ಕೇಳಲೇ ಇಲ್ಲ, ಬ್ಯಾಂಕು ಕೊಡಲಿಲ್ಲ. ಬದಲಿಗೆ ನಿಮ್ಮ ವಸೂಲಿಯವರು ನಮ್ಮಮ್ಮನಿಗೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿ ‘ಮಗ ಎಲ್ಲಿ ತಲೆಮರೆಸಿಕೊಂಡಿದ್ದಾನೆ’ ಅಂತ ಕೇಳಿದರು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ಅದೇ ವರ್ಷ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತ್ತು. ಅದು ನಿಮಗೆ ಗೊತ್ತಿರಲೇಬೇಕು. ನಮ್ಮಮ್ಮನಿಗೆ ಗೊತ್ತಿರಲಿಲ್ಲ, ಅಷ್ಟೇ.

2023ರ ಮೇ ತಿಂಗಳಲ್ಲಿ ರಜೆಗೆ ಬಂದವನು ಮೊದಲು ಮಾಡಿದ ಕೆಲಸ ನಿಮ್ಮ ಶಾಖೆಗೆ ಹೋಗಿದ್ದು. ಉಳಿದ ಕಂತು, ತಡವಾಗಿದ್ದಕ್ಕೆ ನೀವು ಹಾಕಿದ ದಂಡ, ಮುಂಚಿತವಾಗಿ ಮುಗಿಸಿದ್ದಕ್ಕೆ ಶುಲ್ಕ, ಎಲ್ಲ ಸೇರಿ ನೀವೇ ಲೆಕ್ಕ ಮಾಡಿ 41,260 ರೂಪಾಯಿ ಅಂದಿರಿ. ಒಂದು ರೂಪಾಯಿ ಕಮ್ಮಿ ಮಾಡಿ ಅಂತ ನಾನು ಕೇಳಲಿಲ್ಲ. ರಸೀದಿ ನೋಡಿ. ಮೇಲಿನ ಸಾಲಿನಲ್ಲಿ ಬಾಕಿ 41,260. ಅದರ ಕೆಳಗೆ ಸಂದಾಯ 41,260. ಕೊನೆಯಲ್ಲಿ ಉಳಿಕೆ ಸೊನ್ನೆ. ಪಕ್ಕದಲ್ಲಿ ನಿಮ್ಮ ನೀಲಿ ಸೀಲು, ಮ್ಯಾನೇಜರ್ ಸಹಿ. ಆಮೇಲೆ ಎನ್‌ಒಸಿ ಕೊಟ್ಟಿರಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೊಟ್ಟಿರಿ. ಆರ್‌ಟಿಒದಲ್ಲಿ ಆರ್‌ಸಿ ಮೇಲಿದ್ದ ನಿಮ್ಮ ಹೆಸರು ತೆಗೆಸಿದ್ದೂ ಆಯಿತು.

ಇಷ್ಟಾದ ಮೇಲೂ, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ಗೆ ನೀವು ಕಳಿಸಿದ ವರದಿಯಲ್ಲಿ ನನ್ನ ಸಾಲ ‘ಕ್ಲೋಸ್ಡ್’ ಅಲ್ಲ, ‘ಸೆಟಲ್ಡ್’. ಸೆಟಲ್ಡ್ ಅಂತ ಬರೆಯುವುದು ಸಾಲಗಾರ ಪೂರ್ತಿ ಕಟ್ಟಲಾಗದೆ, ಕಂಪನಿ ಕೈಗೆ ಬಂದಷ್ಟಕ್ಕೆ ಒಪ್ಪಿ ಬಿಟ್ಟಾಗ. ಯಾವ ಬ್ಯಾಂಕಿನವರು ನೋಡಿದರೂ ‘ಇವನು ಒಂದು ಕಡೆ ಕೈಯೆತ್ತಿದವನು’ ಅಂತಲೇ ಓದಿಕೊಳ್ಳುತ್ತಾರೆ. ನನ್ನ ಹೆಸರಿನಲ್ಲಿ ಆವರೆಗೆ ಇದ್ದ ಸಾಲ ಅದೊಂದೇ. ಸೈನ್ಯದಲ್ಲಿ ಊಟ, ವಸತಿ, ಬಟ್ಟೆ ಎಲ್ಲ ಅವರೇ ನೋಡಿಕೊಳ್ಳುವಾಗ ಹುಡುಗರು ಸಾಲ ಯಾಕೆ ಮಾಡುತ್ತಾರೆ? ಹಾಗಾಗಿ ಸಾಲದ ವಿಷಯದಲ್ಲಿ ನನ್ನ ಜಾತಕ ಅಂದರೆ ನೀವು ಬರೆದ ಆ ಒಂದು ಪದ.

ಸಮವಸ್ತ್ರದಲ್ಲಿ ಇರುವವರೆಗೂ ಇದು ನನ್ನ ಗಮನಕ್ಕೆ ಬರಲಿಲ್ಲ. ಮಂಡಿಗೆ ಪೆಟ್ಟಾಗಿ, ಮೆಡಿಕಲ್ ಬೋರ್ಡ್ ಆಗಿ ಸೇವೆಯಿಂದ ಬಿಡುಗಡೆಯಾಗಿ, 2024ರಲ್ಲಿ ಊರಿಗೆ ಬಂದೆ. ನನಗಿನ್ನೂ ಇಪ್ಪತ್ತೇಳು. ಊರಲ್ಲಿ ಕೊಬ್ಬರಿಗೆ ಬರವಿಲ್ಲ. ಕೊಬ್ಬರಿ ಎಣ್ಣೆಯ ಗಾಣ ಹಾಕೋಣ ಅಂತ ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ ಅರ್ಜಿ ಹಾಕಿದೆ. 8 ಲಕ್ಷದ ಯೋಜನೆ. ಮಾಜಿ ಸೈನಿಕರು ಅದರಲ್ಲಿ ವಿಶೇಷ ವರ್ಗ, ಕೈಯಿಂದ ಹಾಕಬೇಕಾದ್ದು ಶೇಕಡ 5, ಅಂದರೆ 40 ಸಾವಿರ. ಹಳ್ಳಿಯಲ್ಲಿ ಹಾಕಿದರೆ ಸಬ್ಸಿಡಿ ಶೇಕಡ 35, ಅಂದರೆ 2.80 ಲಕ್ಷ. ಅರ್ಜಿ ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರ ದಾಟಿ ಬ್ಯಾಂಕಿಗೂ ಹೋಯಿತು. ಬ್ಯಾಂಕ್ ಮ್ಯಾನೇಜರ್ ಒಳ್ಳೆಯವರು. ನನ್ನನ್ನು ಕೂರಿಸಿ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ‘ಸ್ಕೋರ್ 612 ಇದೆ, ಅದನ್ನಾದರೂ ಏರಿಸಬಹುದು. ಈ ಸೆಟಲ್ಡ್ ಅನ್ನೋದು ಇರೋವರೆಗೂ ನಮ್ಮ ಮೇಲಿನ ಆಫೀಸು ಒಪ್ಪಲ್ಲಪ್ಪ’ ಅಂದರು.

ನಾನು ಕೈಕಟ್ಟಿ ಕೂರಲಿಲ್ಲ. ಅದೇ ಬ್ಯಾಂಕಿನಲ್ಲಿ 20 ಸಾವಿರ ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತೆಗೆದೆ. ಸಂಬಳದ ಚೀಟಿ ಇಲ್ಲದವನಿಗೆ ಸುಲಭವಾಗಿ ಸಿಗುವ ಕಾರ್ಡ್ ಅದು. ಬೈಕಿಗೆ ಪೆಟ್ರೋಲ್, ಮನೆಯ ಕರೆಂಟ್ ಬಿಲ್, ಅಷ್ಟಕ್ಕೇ ಬಳಸುತ್ತೇನೆ. ಮಿತಿಯ ಮೂರರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟುತ್ತೇನೆ, ಮಿನಿಮಮ್ ಡ್ಯೂ ಅಷ್ಟೇ ಕಟ್ಟಿ ಉಳಿದದ್ದು ಮುಂದೂಡುವ ಆಸೆಗೆ ಬಿದ್ದಿಲ್ಲ. ಬೇರೆ ಕಡೆ ಸಾಲಕ್ಕೆ ಅರ್ಜಿಯನ್ನೂ ಹಾಕಿಲ್ಲ, ಯಾಕೆಂದರೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಮಾಡುವ ಒಂದೊಂದು ವಿಚಾರಣೆಯೂ ವರದಿಯಲ್ಲಿ ಕೂರುತ್ತದೆ. ಸ್ಕೋರ್ ನಿಧಾನಕ್ಕೆ 680 ದಾಟಿದೆ. ನನ್ನ ಕೈಲಾದದ್ದನ್ನು ನಾನು ಮಾಡಿದ್ದೇನೆ. ಆ ಒಂದು ಪದವನ್ನು ಮಾತ್ರ ನಾನು ತಿದ್ದಲು ಆಗುವುದಿಲ್ಲ. ಸಿಬಿಲ್‌ನವರೂ ತಾವಾಗಿ ತಿದ್ದುವ ಹಾಗಿಲ್ಲ. ಅವರಿಗೂ ದೂರು ಕೊಟ್ಟೆ. ‘ಸಾಲ ಕೊಟ್ಟ ಸಂಸ್ಥೆ ಮಾಹಿತಿ ಸರಿ ಇದೆ ಎಂದಿದೆ’ ಅಂತ ಉತ್ತರ ಬಂತು. ಯಾವ ದಾಖಲೆ ನೋಡಿ ಸರಿ ಇದೆ ಅಂದಿರಿ? ನಿಮ್ಮದೇ ರಸೀದಿ ನೋಡಿದ್ದರೆ ಹಾಗೆ ಹೇಳಲು ಸಾಧ್ಯವಿತ್ತಾ?

ಈಗ ಶಾಖೆಯ ವಿಷಯ. ಇದನ್ನು ಪೂರ್ತಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ‘ನಾನೂ ಬರ್ತೀನಿ, ದೊಡ್ಡೋರು ಒಬ್ರು ಇದ್ರೆ ಮರ್ಯಾದೆ ಕೊಡ್ತಾರೆ’ ಅಂತ ಜೊತೆಗೆ ಬಂದಿದ್ದರು. ಟೇಬಲ್ ಮುಂದೆ ಒಂದೇ ಕುರ್ಚಿ. ಅದರ ಮೇಲೆ ನಿಮ್ಮ ಸಿಬ್ಬಂದಿ ತಮ್ಮ ಹೆಲ್ಮೆಟ್ ಇಟ್ಟಿದ್ದರು. ತೆಗೆಯಲಿಲ್ಲ. ಅಪ್ಪ ನಿಂತೇ ಇದ್ದರು. ನಾನು ವಿಷಯ ಹೇಳಿದೆ.

‘ಸೆಟಲ್ ಮಾಡ್ಕೊಂಡು ಹೋಗಿ, ಈಗ ಕ್ಲೋಸ್ ಅಂತ ಹಾಕಿ ಅಂದ್ರೆ ಹೆಂಗ್ರೀ?’

‘ಸೆಟಲ್ ಮಾಡಿಲ್ಲ ಸರ್. ಪೂರ್ತಿ ಕಟ್ಟಿದೀನಿ. ಇದು ನಿಮ್ಮ ರಸೀದಿ.’

ಅವರು ರಸೀದಿಯನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ‘ಕಲರ್ ಜೆರಾಕ್ಸ್ ಥರ ಇದೆ. ಇದು ಒರಿಜಿನಲ್ ಅಂತ ಏನ್ ಗ್ಯಾರಂಟಿ?’ ಅಂದರು. ನಾನು ನನ್ನ ಮಾಜಿ ಸೈನಿಕರ ಗುರುತಿನ ಚೀಟಿ ತೆಗೆದು ಇಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ, ಪಕ್ಕದ ಟೇಬಲ್‌ನವರಿಗೆ ಕೇಳುವ ಹಾಗೆ, ‘ಮಿಲಿಟರೀಲಿ ಇಪ್ಪತ್ತೇಳಕ್ಕೇ ರಿಟೈರ್ ಮಾಡ್ತಾರಾ? ಏನ್ ಮಾಡ್ಕೊಂಡ್ರಿ ಅಲ್ಲಿ?’ ಅಂದರು. ಪಕ್ಕದವರು ನಕ್ಕರು. ಕಂತು ಕಟ್ಟಲು ಬಂದು ಕಾಯುತ್ತಿದ್ದವರೆಲ್ಲ ನನ್ನ ಮುಖ ನೋಡಿದರು.

ಅಪ್ಪ ಮೆಲ್ಲಗೆ, ‘ಮಂಡಿಗೆ ಪೆಟ್ಟಾಯ್ತು ಸ್ವಾಮಿ, ಡ್ಯೂಟೀಲಿ ಆಗಿದ್ದು’ ಅಂದರು.

‘ಯಜಮಾನ್ರೇ, ನಿಮ್ಮನ್ನ ಕೇಳ್ಲಿಲ್ಲ ನಾನು.’

ಅಪ್ಪ ಹೆಗಲ ಮೇಲಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಅಲ್ಲಿರುವವರೆಗೂ ಮಾತಾಡಲಿಲ್ಲ.

ಕೊನೆಗೆ ಆ ಸಿಬ್ಬಂದಿ ಸ್ವರ ತಗ್ಗಿಸಿ, ‘2,950 ಆಗುತ್ತೆ. ಅಪ್‌ಡೇಟ್ ಚಾರ್ಜು. ಕ್ಲೋಸ್ ಮಾಡಿಸಿಕೊಡ್ತೀನಿ’ ಅಂತ ತಮ್ಮ ಮೊಬೈಲಿನಲ್ಲಿದ್ದ ಕ್ಯೂಆರ್ ಕೋಡ್ ಮುಂದೆ ಹಿಡಿದರು. ಸ್ಕ್ಯಾನ್ ಮಾಡಿದರೆ ಬಂದದ್ದು ನಿಮ್ಮ ಕಂಪನಿಯ ಹೆಸರಲ್ಲ, ಒಬ್ಬ ವ್ಯಕ್ತಿಯ ಹೆಸರು. ರಸೀದಿ ಕೇಳಿದೆ. ‘ಆಮೇಲೆ ಮೇಲ್‌ಗೆ ಬರುತ್ತೆ’ ಅಂದರು. ನಾನು ಕಟ್ಟಲಿಲ್ಲ. ‘ಹಂಗಾದ್ರೆ ಏಳು ವರ್ಷ ಕಾಯಿರಿ, ಅದೇ ಹೋಗುತ್ತೆ’ ಅಂತ ಚೀಟಿಯನ್ನು ಟೇಬಲ್ ಮೇಲೆ ನೂಕಿದರು.

ಏಳು ವರ್ಷ. ಅಷ್ಟರಲ್ಲಿ ನನಗೆ ಮೂವತ್ತೈದರ ಹತ್ತಿರವಾಗಿರುತ್ತದೆ. ಸೈನ್ಯದಲ್ಲಿ ಕಳೆದಷ್ಟೇ ಕಾಲವನ್ನು ನಿಮ್ಮ ತಪ್ಪು ಅಳಿಸಿಹೋಗಲಿ ಅಂತ ಕಾಯುತ್ತಾ ಕಳೆಯಬೇಕಾ?

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಶಾಖೆಯಲ್ಲಿ ಯಾರೂ ಓದಿದ ಹಾಗೆ ಕಾಣಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2023ರ ಅಕ್ಟೋಬರ್ 26ರ ರಿಸರ್ವ್ ಬ್ಯಾಂಕ್ ಸುತ್ತೋಲೆ ತೆಗೆದು ನೋಡಿ. ವರದಿಯ ತಪ್ಪಿನ ಬಗ್ಗೆ ದೂರು ಕೊಟ್ಟ 30 ದಿನದೊಳಗೆ ಅದು ಇತ್ಯರ್ಥ ಆಗಬೇಕು. ಅದರಲ್ಲಿ ನಿಮ್ಮ ಪಾಲಿನ ಗಡುವು 21 ದಿನ. ಆ 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ. ತಿದ್ದುವುದಿಲ್ಲ ಅಂದರೆ ಕಾರಣ ತಿಳಿಸಬೇಕು. ನನ್ನ ಇ-ಮೇಲ್ ದೂರು ನಿಮಗೆ ಬಂದದ್ದು ಈ ವರ್ಷ ಫೆಬ್ರವರಿಯಲ್ಲಿ, ನಿಮ್ಮದೇ ಸ್ವೀಕೃತಿ ಇದೆ. ತಿದ್ದುಪಡಿಯೂ ಇಲ್ಲ, ಕಾರಣವೂ ಇಲ್ಲ. 2025ರ ಜನವರಿಯಿಂದ ನೀವು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಸಿಬಿಲ್‌ಗೆ ವರದಿ ಕಳಿಸಬೇಕು. ಅಂದರೆ ಫೆಬ್ರವರಿಯಿಂದ ಈಚೆಗೆ ಪ್ರತಿ ಹದಿನೈದು ದಿನಕ್ಕೂ ಅದೇ ಸುಳ್ಳನ್ನು ನೀವು ಹಾಗೇ ಉಳಿಸಿದ್ದೀರಿ.

ಪತ್ರ ತಲುಪಿದ 15 ದಿನದೊಳಗೆ ‘ಸೆಟಲ್ಡ್’ ಹೋಗಿ ‘ಕ್ಲೋಸ್ಡ್’ ಆಗಬೇಕು, ಸಿಬಿಲ್ ಒಂದರಲ್ಲೇ ಅಲ್ಲ, ಅದೇ ಥರ ದಾಖಲೆ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈ ಮಾರ್ಕ್ ಮೂರರಲ್ಲೂ. ಬ್ಯಾಂಕ್ ಮ್ಯಾನೇಜರ್‌ಗೆ ತೋರಿಸಲು ಸೀಲು ಹಾಕಿದ ಪತ್ರ ಬೇಕು, ಕನ್ನಡದಲ್ಲಿ. ದಿನದ ಪರಿಹಾರ ನನ್ನ ಖಾತೆಗೆ ಬರಬೇಕು. ನಮ್ಮಪ್ಪನಿಗೆ ಬರಹದಲ್ಲಿ ಕ್ಷಮೆ ಕೇಳಬೇಕು.

ಆಗದಿದ್ದರೆ ಹದಿನಾರನೇ ದಿನ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಹೋಗುತ್ತದೆ. ಅರ್ಜಿ ತುಂಬಿ ಇಟ್ಟಿದ್ದೇನೆ. ಅಲ್ಲಿಗೂ ನಿಲ್ಲಿಸುವುದಿಲ್ಲ. ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಲ್ಲೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಕೂಡ ಇಲ್ಲ, ವಕೀಲರಿಲ್ಲದೆ ನಾನೇ ನಿಂತು ವಾದ ಮಾಡುತ್ತೇನೆ. ಕೈತಪ್ಪಿದ ಸಬ್ಸಿಡಿಯ 2.80 ಲಕ್ಷವನ್ನೂ ನಿಮ್ಮಿಂದಲೇ ಕೇಳುತ್ತೇನೆ. ಆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬಂದ ಹೆಸರಿನ ಸ್ಕ್ರೀನ್‌ಶಾಟ್ ನನ್ನ ಮೊಬೈಲಿನಲ್ಲಿದೆ, ಅದು ಪೊಲೀಸ್ ಠಾಣೆಗೂ ಹೋಗುತ್ತದೆ. ಶಾಖೆಯ ಆ ದಿನದ ಸಿಸಿಟಿವಿ ದೃಶ್ಯವನ್ನು ಅಳಿಸಬೇಡಿ. ಅದನ್ನು ಹಾಜರುಪಡಿಸಲು ಆಯೋಗದ ಮೂಲಕವೇ ನಿಮಗೆ ನೋಟಿಸ್ ಕೊಡಿಸುತ್ತೇನೆ.

ಇಂತಿ,
ಮಾಜಿ ಸೈನಿಕ,
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ