ಮಾದರಿ ವಿಮಾನದ ಆಕಾರ ಪುಟ್ಟಿಯಿಂದ ಸರಿಹೋಗದು

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ಲಾಸ್ಟಿಕ್ ಮಾದರಿ ವಿಮಾನಗಳ ಬಗ್ಗೆ ಬಂದ ಬರಹ ಓದಿ ಸಂತೋಷವಾಯಿತು. ಮಲೆನಾಡಿನ ಸಣ್ಣ ಊರುಗಳಲ್ಲಿ ಈ ಹವ್ಯಾಸದ ಬಗ್ಗೆ ಹೇಳಿಕೊಡುವವರು ಕಡಿಮೆ. ಕೂಡಿಟ್ಟ ದುಡ್ಡಿನಲ್ಲಿ ಕಿಟ್ ತರಿಸಿಕೊಳ್ಳುವ ಹುಡುಗರು ಪತ್ರಿಕೆಯಲ್ಲಿ ಓದಿದ್ದನ್ನು ಹಾಗೇ ನಂಬಿ ಕೈಹಾಕುತ್ತಾರೆ. ಅದಕ್ಕಾಗಿಯೇ ಈ ಪತ್ರ. ‘ಕಿಟ್‌ನ ಆಕಾರ ಅಸಲಿ ವಿಮಾನಕ್ಕೆ ಹೊಂದದಿದ್ದರೆ ಪುಟ್ಟಿ ಮೆತ್ತಿ ಉಜ್ಜಿದರಾಯಿತು’ ಎಂದು ಬರಹದಲ್ಲಿದೆ. ಹಾಗೆ ಮಾಡಿದರೆ ಒಳ್ಳೆಯ ಕಿಟ್ ಕೆಡುತ್ತದೆ. ಆ ಸಾಲಿಗೆ ತಿದ್ದುಪಡಿ ಬೇಕೇ ಬೇಕು.

ಕಾರಿನ ಬಣ್ಣದಂಗಡಿಯಲ್ಲಿ ಸಿಗುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಒಣಗುವುದು ಅದರ ದ್ರಾವಕ ಆರಿಹೋಗಿ. ಆರಿದಷ್ಟೂ ಪುಟ್ಟಿ ಕುಗ್ಗುತ್ತದೆ. ಅರ್ಧ ಮಿಲಿಮೀಟರಿಗಿಂತ ದಪ್ಪ ಮೆತ್ತಿದರೆ ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ, ಒಳಗೆ ಸಿಕ್ಕಿಬಿದ್ದ ದ್ರಾವಕ ಕೆಳಗಿನ ಪಾಲಿಸ್ಟೈರೀನನ್ನೇ, ಎಂದರೆ ಕಿಟ್‌ನ ಪ್ಲಾಸ್ಟಿಕ್ಕನ್ನೇ, ಮೆತ್ತಗೆ ಮಾಡುತ್ತದೆ. ಉಜ್ಜಿ, ಬಣ್ಣ ಹೊಡೆದು, ಚೆನ್ನಾಗಿದೆ ಅಂದುಕೊಂಡ ಜಾಗ ಕೆಲವು ವಾರಗಳಲ್ಲಿ ತಗ್ಗು ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜಡಿಮಳೆಯ ತಂಪಿನಲ್ಲಂತೂ ಅದು ಒಣಗುವುದು ಇನ್ನೂ ನಿಧಾನ. ಪುಟ್ಟಿ ಇರುವುದು ಗೀರು ಮತ್ತು ಕೂಡುಗೆರೆ ಮುಚ್ಚಲಿಕ್ಕೆ. ಆಕಾರ ಕಟ್ಟಬೇಕಾದರೆ ಪ್ಲಾಸ್ಟಿಕ್ ಹಾಳೆಯಿಂದಲೇ ಕಟ್ಟಬೇಕು.

ಅದಕ್ಕೂ ಮೊದಲು, ತಪ್ಪು ನಿಜಕ್ಕೂ ಇದೆಯೇ ಎಂದು ಅಳೆದು ನೋಡಬೇಕು. ಎಚ್‌ಎಎಲ್‌ನ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ರೆಕ್ಕೆಯಗಲ 9 ಮೀಟರ್, ಉದ್ದ 15.87 ಮೀಟರ್. 1/72 ಅಳತೆಯಲ್ಲಿ, ಎಂದರೆ ಅಸಲಿನ 72ನೇ ಒಂದು ಪಾಲಿನ ಮಾದರಿಯಲ್ಲಿ, ಇವು 125 ಮಿ.ಮೀ. ಮತ್ತು 220.4 ಮಿ.ಮೀ. ಆಗಬೇಕು. ಮಿಗ್-21ರ ರೆಕ್ಕೆಯಗಲ 7.154 ಮೀಟರ್, ಎಂದರೆ 1/72ರಲ್ಲಿ 99.4 ಮಿ.ಮೀ., 1/48ರಲ್ಲಿ 149 ಮಿ.ಮೀ. ರೆಕ್ಕೆಯಗಲದ ಅಂಕಿಯನ್ನು ಹೆಚ್ಚಾಗಿ ನಂಬಬಹುದು. ಉದ್ದದ ಅಂಕಿಯನ್ನು ಹಾಗೆ ನಂಬುವಂತಿಲ್ಲ. ಮೂತಿಯ ಮುಂದೆ ಚಾಚಿದ, ವೇಗ ಅಳೆಯುವ ಪಿಟಾಟ್ ಕೊಳವೆಯನ್ನು ಒಂದು ಪುಸ್ತಕ ಸೇರಿಸಿರುತ್ತದೆ, ಇನ್ನೊಂದು ಬಿಟ್ಟಿರುತ್ತದೆ. ಮಿಗ್-21ರ ಉದ್ದಕ್ಕೆ ಬೇರೆ ಬೇರೆ ಅಂಕಿಗಳು ಕಾಣಸಿಗುವುದು ಬಹುಮಟ್ಟಿಗೆ ಇದರಿಂದಲೇ.

ಹೋಲಿಸಿ ನೋಡಲು ವಿಮಾನದ ನಕ್ಷೆಯನ್ನು ಮುದ್ರಿಸಿಕೊಳ್ಳುವಾಗ ಪ್ರಿಂಟರ್ ತಾನಾಗಿಯೇ ಪುಟಕ್ಕೆ ಹೊಂದಿಸಿ ಚಿಕ್ಕದು ಮಾಡದಂತೆ ಶೇ 100ಕ್ಕೆ ಇಡಬೇಕು. ಆಮೇಲೆ ನಕ್ಷೆಯ ಅಳತೆಪಟ್ಟಿಯನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಡ್ಡಕ್ಕೂ ಉದ್ದಕ್ಕೂ ನೋಡಬೇಕು, ಏಕೆಂದರೆ ತೇವದಲ್ಲಿ ಕಾಗದ ಹಿಗ್ಗುತ್ತದೆ, ಅದೂ ಒಂದು ದಿಕ್ಕಿಗೆ ಹೆಚ್ಚು. ನಕ್ಷೆಗಿಂತ ಫೋಟೊ ದೊಡ್ಡ ಸಾಕ್ಷಿ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನಿಂತಿದೆ. ಅಲ್ಲಿಗೆ ಹೋಗುವವರು ಪಕ್ಕದಿಂದ, ಸಾಧ್ಯವಾದಷ್ಟು ಹಿಂದೆ ಸರಿದು, ಜೂಮ್ ಹಾಕಿ, ಕ್ಯಾಮೆರಾವನ್ನು ವಿಮಾನದ ದೇಹದ ನಡುಮಟ್ಟಕ್ಕೆ ಹಿಡಿದು ತೆಗೆಯಬೇಕು. ಹತ್ತಿರ ನಿಂತು ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಮೂತಿ ಉಬ್ಬಿ ಬಾಲ ಸಣ್ಣಗಾಗಿರುತ್ತದೆ. ಅದನ್ನು ನೋಡಿ ಕಿಟ್ ತಿದ್ದಲು ಹೊರಟರೆ ಸರಿಯಿದ್ದದ್ದೂ ಕೆಟ್ಟೀತು.

ಎಷ್ಟೋ ಸಲ ಕಿಟ್ ಸರಿಯಾಗಿಯೇ ಇರುತ್ತದೆ, ವಿಮಾನದ ಆವೃತ್ತಿ ಬೇರೆಯಾಗಿರುತ್ತದೆ. ನಮ್ಮ ವಾಯುಪಡೆ 1963ರಿಂದ 2025ರವರೆಗೆ ಹಾರಿಸಿದ ಮಿಗ್-21ರ ಆವೃತ್ತಿಗಳಲ್ಲಿ ಎಫ್‌ಎಲ್‌ನ ಬೆನ್ನು ತೆಳು, ಬಿಸ್‌ನ ಬೆನ್ನು ದಪ್ಪ. ಬಿಸ್ ಕಿಟ್‌ನಿಂದ ಎಫ್‌ಎಲ್ ಮಾಡಲು ಹೊರಟು ‘ಬೆನ್ನು ತಪ್ಪಾಗಿದೆ’ ಎಂದರೆ ಕಿಟ್ ಏನು ಮಾಡೀತು? ನ್ಯಾಟ್ ಎಂಬ ಸಣ್ಣ ಜೆಟ್ ವಿಮಾನ ಕೂಡ ಹೀಗೆಯೇ. ನಮ್ಮವರು ಯುದ್ಧದಲ್ಲಿ ಹಾರಿಸಿದ್ದು ಒಂದು ಆಸನದ ಫೈಟರ್. ಬ್ರಿಟಿಷರ ಎರಡು ಆಸನದ ತರಬೇತಿ ವಿಮಾನದ ಕಿಟ್ ಹಿಡಿದು ಮೂತಿ ಮಾತ್ರ ಕತ್ತರಿಸಿದರೆ ಸಾಲದು. ತರಬೇತಿ ವಿಮಾನದ ರೆಕ್ಕೆಯೇ ದೊಡ್ಡದು. 1/72ರಲ್ಲಿ ತುದಿಯಿಂದ ತುದಿಗೆ ಸುಮಾರು 8 ಮಿ.ಮೀ. ಹೆಚ್ಚಿರುತ್ತದೆ.

ಅಳೆದ ಮೇಲೆ ಯಾವುದನ್ನು ತಿದ್ದಬೇಕು ಎಂಬ ಪ್ರಶ್ನೆ. 1/72ರಲ್ಲಿ ಅರ್ಧ ಮಿಲಿಮೀಟರ್ ಎಂದರೆ ಅಸಲಿನಲ್ಲಿ 36 ಮಿ.ಮೀ. ರೆಕ್ಕೆಯಗಲದಲ್ಲಿ ಅಷ್ಟು ಕಡಿಮೆಯಾದರೆ ಯಾರಿಗೂ ಕಾಣದು. ಪೈಲಟ್ ಕೂರುವ ಜಾಗದ ಗಾಜಿನ ಮೇಲುಹೊದಿಕೆ ಅಷ್ಟೇ ಎತ್ತರ ಹೆಚ್ಚಾದರೆ ವಿಮಾನದ ಮುಖವೇ ಬದಲಾಗುತ್ತದೆ. ಕಣ್ಣು ಉದ್ದವನ್ನು ಅಳೆಯುವುದಿಲ್ಲ, ಬಾಗು ಮತ್ತು ಅನುಪಾತವನ್ನು ಹಿಡಿಯುತ್ತದೆ. ಆದ್ದರಿಂದ ಮೂತಿ, ಗಾಳಿದ್ವಾರದ ಅಂಚು, ಮೇಲುಹೊದಿಕೆ, ಬಾಲದ ರೆಕ್ಕೆಯ ಓರೆ ಇವು ಮೊದಲು. ಉಳಿದದ್ದರಲ್ಲಿ ಒಂದು ಮಿಲಿಮೀಟರಿನ ಒಳಗಿನ ತಪ್ಪನ್ನು ಬಿಟ್ಟುಬಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ದೇಹ 1.5 ಮಿ.ಮೀ. ಗಿಡ್ಡ ಇದೆ ಎನ್ನಿ. ಆಗ ದೇಹವನ್ನು ಅಡ್ಡಕ್ಕೆ ಕತ್ತರಿಸಿ ನಡುವೆ ಪ್ಲಾಸ್ಟಿಕ್ ಹಾಳೆಯ ತುಂಡು ಸೇರಿಸಬೇಕು. ಕೊರತೆ ರೆಕ್ಕೆಯ ಮುಂದಿದೆಯೋ ಹಿಂದಿದೆಯೋ ನೋಡಲು, ರೆಕ್ಕೆಯ ಮುಂದಂಚು ದೇಹಕ್ಕೆ ಸೇರುವ ಬಿಂದುವಿನಿಂದ ಮೂತಿಗೆ ಒಂದು ಅಳತೆ, ಬಾಲಕ್ಕೆ ಒಂದು ಅಳತೆ ತೆಗೆಯಬೇಕು. ಇದನ್ನು ಬಿಟ್ಟು ಅನುಕೂಲವಾದಲ್ಲಿ ಕತ್ತರಿಸಿದರೆ ಒಟ್ಟು ಉದ್ದ ಸರಿಯಾಗಿ ರೆಕ್ಕೆ ಜಾಗ ತಪ್ಪುತ್ತದೆ. ಕತ್ತರಿಸುವ ಗೆರೆ ಕಾಕ್‌ಪಿಟ್‌ನಿಂದಲೂ ರೆಕ್ಕೆಯ ಬುಡದಿಂದಲೂ ದೂರ, ದೇಹದ ದಪ್ಪ ಹೆಚ್ಚು ಬದಲಾಗದ ಕಡೆ ಇರಲಿ. ದಪ್ಪನೆಯ ಲೇಬಲ್ ಟೇಪನ್ನು ದೇಹದ ಸುತ್ತ ಸುತ್ತಿ, ಅದರ ಅಂಚಿಗೆ ಒರಗಿಸಿ ತೆಳು ಅಲಗಿನ ಸಣ್ಣ ಗರಗಸದಿಂದ ಕೊಯ್ಯಬೇಕು. ಹ್ಯಾಕ್ಸಾ ಬ್ಲೇಡ್ ಬೇಡ, ಅದು ಒಂದು ಮಿಲಿಮೀಟರನ್ನೇ ತಿನ್ನುತ್ತದೆ.

ತೆಳು ಗರಗಸವೂ ಸುಮಾರು 0.25 ಮಿ.ಮೀ. ತಿನ್ನುತ್ತದೆ. ಎರಡು ಅಂಚನ್ನೂ ಸಮ ಮಾಡಲು ಉಜ್ಜಿದಾಗ ಇನ್ನೊಂದು 0.2 ಹೋಗುತ್ತದೆ. ಹಾಗಾಗಿ 1.5 ಕೊರತೆಗೆ 1.5ರ ಹಾಳೆ ಇಟ್ಟರೆ ಮತ್ತೆ ಗಿಡ್ಡವೇ. ಅರ್ಧ ಮಿಲಿಮೀಟರಿನ ನಾಲ್ಕು ಹಾಳೆಗಳನ್ನು ತೆಳುವಾದ ಪ್ಲಾಸ್ಟಿಕ್ ಅಂಟಿನಿಂದ ಒಂದರ ಮೇಲೊಂದು ಕೂಡಿಸಿ 2 ಮಿ.ಮೀ. ತುಂಡು ಮಾಡಿಕೊಳ್ಳಬೇಕು, ಭಾರ ಹೇರಿ ಎರಡು ದಿನ ಬಿಡಬೇಕು. ಪದರಗಳ ನಡುವಿನ ದ್ರಾವಕ ಬೇಗ ಹೊರಹೋಗದು. ತುಂಡು ಸುತ್ತಲೂ ಒಂದೆರಡು ಮಿಲಿಮೀಟರ್ ಹೊರಚಾಚಲಿ. ಅಂಟಿ ಗಟ್ಟಿಯಾದ ಮೇಲೆ 240ರ ವಾಟರ್ ಪೇಪರ್‌ನಿಂದ (ಉಜ್ಜುಕಾಗದ) ಇಳಿಸಿ, ಎರಡೂ ಕಡೆ 15–20 ಮಿ.ಮೀ.ವರೆಗೆ ಬಾಗು ಕೂಡುವಂತೆ ಉಜ್ಜಬೇಕು. ಆಮೇಲೆ ಇನ್ನೂ ನುಣುಪಾದ 400, 600ರ ಪೇಪರ್.

ದೇಹ ಡುಮ್ಮಗಿದ್ದರೆ ಕೆಲಸ ಸುಲಭ. ಅಂಟಿಸುವ ಮೊದಲು ಎರಡೂ ಅರ್ಧಗಳ ಕೂಡುವ ಅಂಚನ್ನು ಗಾಜಿನ ಮೇಲೆ ಹಾಸಿದ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಸಮನಾಗಿ ಉಜ್ಜಿದರೆ ಸಾಕು. ಕಾಕ್‌ಪಿಟ್ಟಿನ ಅಗಲವೂ ಕುಗ್ಗುತ್ತದೆ, ಮೇಲುಹೊದಿಕೆ ಕೂರುತ್ತದೆಯೇ ಎಂದು ಆಗಾಗ ಇಟ್ಟು ನೋಡುತ್ತಿರಬೇಕು. ರೆಕ್ಕೆಯ ಹಿಂದಂಚು ದಪ್ಪಗಿರುವುದು ಹಳೆಯ ಕಿಟ್‌ಗಳ ಮಾಮೂಲು ದೋಷ. ಅದನ್ನು ಒಳಗಿನಿಂದ, ಮೇಲು ಕೆಳ ಅರ್ಧ ಕೂಡಿಸುವ ಮೊದಲೇ ಕೆತ್ತಿ ತೆಳುಮಾಡಬೇಕು.

ಕಷ್ಟವಿರುವುದು ಬಾಗು ತಿದ್ದುವುದರಲ್ಲಿ. ಜರ್ಮನ್ ವಿನ್ಯಾಸಕ ಕರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್‌ನ ದೇಹ ರೆಕ್ಕೆ ಸೇರುವಲ್ಲಿ ಸೊಂಟದಂತೆ ಒಳಸರಿದಿದೆ. ಶಬ್ದವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತ ತಗ್ಗಿಸಲು ಮಾಡಿದ ವಿನ್ಯಾಸ ಅದು. ಕಿಟ್‌ನಲ್ಲಿ ಆ ಸೊಂಟ ನೇರವಾಗಿ ಬಂದಿದ್ದರೆ ಮಾರುತ್‌ನ ಅಂದವೇ ಹೋಗುತ್ತದೆ. ಆದರೆ ಕಿಟ್‌ನ ಗೋಡೆ ಒಂದು ಮಿಲಿಮೀಟರ್ ಆಸುಪಾಸು. ಹೊರಗಿನಿಂದ ಉಜ್ಜುತ್ತಾ ಹೋದರೆ ತೂತು ಬೀಳುತ್ತದೆ. ಮೊದಲು ಒಳಮೈಯನ್ನು ಒರಟಾಗಿ ಗೀರಿ, ಎಂ-ಸೀಲ್ ಕಲಸಿ 3 ಮಿ.ಮೀ. ದಪ್ಪ ಒತ್ತಿ ಒಂದು ರಾತ್ರಿ ಬಿಡಬೇಕು. ನಕ್ಷೆಯ ಅಡ್ಡಕೊಯ್ತಗಳನ್ನು ನೋಡಿ ಪ್ಲಾಸ್ಟಿಕ್ ಹಾಳೆಯಲ್ಲಿ ಟೆಂಪ್ಲೇಟ್ ಕತ್ತರಿಸಿ ದೇಹಕ್ಕೆ ಹಿಡಿದು, ಹಿಂದೆ ದೀಪ ಇಟ್ಟು ನೋಡಬೇಕು. ಬೆಳಕು ತೂರದ ಕಡೆ ಇನ್ನೂ ಉಬ್ಬಿದೆ ಎಂದರ್ಥ. ಎಡಬಲಕ್ಕೆ ಒಂದೇ ಟೆಂಪ್ಲೇಟನ್ನು ತಿರುವಿ ಹಿಡಿಯಬೇಕು. ಎರಡು ಕಡೆಯೂ ಒಂದೇ ಸಮ ಇರುವುದು ನಕ್ಷೆಗೆ ಹೊಂದುವುದಕ್ಕಿಂತ ಮುಖ್ಯ.

ಪ್ಲಾಸ್ಟಿಕ್ ಹಾಳೆ ಸಿಗದಿದ್ದರೆ, ತಳದಲ್ಲಿ ತ್ರಿಕೋನದೊಳಗೆ 6 ಎಂದು ಬರೆದ ಗಟ್ಟಿ ಲೋಟ, ಡಬ್ಬಗಳನ್ನು ಬಳಸಬಹುದು. ಅವು ಪಾಲಿಸ್ಟೈರೀನಿನವು, ಕಿಟ್‌ನ ಅಂಟು ಅವನ್ನು ಹಿಡಿಯುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡ್ 0.76 ಮಿ.ಮೀ. ದಪ್ಪವಿರುತ್ತದೆ. ಸಾಮಾನ್ಯವಾಗಿ ಅದು ಪಿವಿಸಿ, ಫೆವಿಕ್ವಿಕ್‌ನಿಂದ ಅಂಟಿಸಬೇಕು. ಗಡಸುತನ ಬೇರೆಯಾದ್ದರಿಂದ ಅದನ್ನು ಒಳಗಿನ ಆಧಾರಕ್ಕೆ ಮಾತ್ರ ಬಳಸಬೇಕು, ಹೊರಮೈಗೆ ಬೇಡ. ಫೆವಿಕ್ವಿಕ್‌ಗೆ ಟ್ಯಾಲ್ಕಂ ಪೌಡರ್ ಬೆರೆಸಿದರೆ ಕುಗ್ಗದ ಪುಟ್ಟಿಯಾಗುತ್ತದೆ. ಆದರೆ ಒಂದು ಗಂಟೆಯೊಳಗೆ ಉಜ್ಜಿ ಮುಗಿಸಬೇಕು. ರಾತ್ರಿ ಬಿಟ್ಟರೆ ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾಗಿ, ಉಜ್ಜಿದಾಗ ಅಕ್ಕಪಕ್ಕವೇ ಸವೆದು ಅದು ದಿಬ್ಬವಾಗಿ ಉಳಿಯುತ್ತದೆ. ಈ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ನಮ್ಮ ಮಳೆಗಾಲದಲ್ಲಿ ಅದಕ್ಕೆ ಬಿಡುವೇ ಇಲ್ಲ, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಬೇಕು.

ಉಜ್ಜಿದ ಮೇಲೆ ಬೂದು ಪ್ರೈಮರ್ ಹೊಡೆದು, ದೀಪವನ್ನು ಪಕ್ಕಕ್ಕೆ ತಗ್ಗಿಸಿ ಹಿಡಿದು ನೋಡದೆ ತಿದ್ದುವ ಕೆಲಸ ಮುಗಿಯಿತು ಎನ್ನುವಂತಿಲ್ಲ. ಬರಿಯ ಪ್ಲಾಸ್ಟಿಕ್ಕಿನಲ್ಲಿ ಮರೆಯಾಗಿದ್ದ ಏರುತಗ್ಗು ಆಗ ಎದ್ದು ಕಾಣುತ್ತದೆ. ಮಳೆ ಹಿಡಿದ ದಿನ ಸ್ಪ್ರೇ ಮಾಡಿದರೆ ಲ್ಯಾಕರ್ ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಹೊಳವಾದ ಮಧ್ಯಾಹ್ನಕ್ಕೆ ಕಾಯುವುದೇ ವಾಸಿ.

ಗಾಜಿನ ಮೇಲುಹೊದಿಕೆ ತಪ್ಪಿದ್ದರೆ ಉಜ್ಜಿ ಸರಿಮಾಡಲಾಗದು, ಹೊಸದನ್ನೇ ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನಿಂದ ಅಚ್ಚಿನ ಮೇಲೆ ಮಾಡಿಕೊಳ್ಳಬೇಕು. ಎಳೆ ಸಮವಾಗಿರುವ ಶಿವನೆ ಮರದ ತುಂಡಿನಲ್ಲಿ ಅಚ್ಚು ಕೆತ್ತಬಹುದು. ಬಾಟಲಿಯ ಪ್ಲಾಸ್ಟಿಕ್ ದಪ್ಪದಷ್ಟು, ಎಂದರೆ ಸುಮಾರು 0.3 ಮಿ.ಮೀ., ಅಚ್ಚು ಎಲ್ಲ ಕಡೆ ಸಣ್ಣದಿರಬೇಕು, ಕೆಳಗೆ 5–6 ಮಿ.ಮೀ. ಹೆಚ್ಚುವರಿ ಬಿಡಬೇಕು. ಮೇಲ್ಮೈಗೆ ತೆಳುವಾಗಿ ಫೆವಿಕ್ವಿಕ್ ಸವರಿ 1000ರ ಪೇಪರ್‌ನಲ್ಲಿ ನುಣುಪು ಮಾಡದಿದ್ದರೆ ಮರದ ಎಳೆ ಗಾಜಿನ ಮೇಲೆ ಮೂಡುತ್ತದೆ. ಅಚ್ಚನ್ನು ತೆಳು ನೀರಿನ ಬಾಟಲಿಯೊಳಗಿಟ್ಟು ಹೀಟ್ ಗನ್‌ನಿಂದ ಎಲ್ಲ ಕಡೆ ಸಮವಾಗಿ ಬಿಸಿ ಕೊಟ್ಟರೆ ಬಾಟಲಿ ಕುಗ್ಗಿ ಅಚ್ಚಿಗೆ ಬಿಗಿಯಾಗಿ ಕೂರುತ್ತದೆ. ಆರಿದ ಮೇಲೆ ಹೊಸ ಬ್ಲೇಡಿನಿಂದ ಅಂಚು ಕೊಯ್ದುಕೊಳ್ಳಬೇಕು. ಕೂರಿಸಲು ಫೆವಿಕಾಲ್ ಸಾಕು. ಕಿಟ್‌ನ ಅಂಟು ಬಾಟಲಿಯ ಪ್ಲಾಸ್ಟಿಕ್ಕಿಗೆ ಹಿಡಿಯದು, ಫೆವಿಕ್ವಿಕ್ ಆವಿ ಗಾಜಿನ ಒಳಗೆ ಬಿಳಿ ಮಬ್ಬು ಕಟ್ಟಿಸುತ್ತದೆ, ಅದನ್ನು ಒರೆಸಲು ಆಮೇಲೆ ಬೆರಳು ಹೋಗುವುದಿಲ್ಲ.

— ಹವ್ಯಾಸಿ ಓದುಗ, ತೀರ್ಥಹಳ್ಳಿ