ಶಿಬಿರಗಳಲ್ಲಿ ಕುಟುಂಬದ ಹೃದಯದ ಕಥೆಯನ್ನೂ ಕೇಳಿ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ ಕಡೆ ಹಿರಿಯರಿಗಾಗಿ ಆರೋಗ್ಯ ಶಿಬಿರಗಳು ನಡೆಯುತ್ತವೆ. ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಇತ್ತೀಚೆಗೆ ನನ್ನ ಪಕ್ಕ ಕೂತಿದ್ದ ಅಡಿಕೆ ಕೃಷಿಕರೊಬ್ಬರ ಅಣ್ಣ, ತಮ್ಮ ಇಬ್ಬರೂ ಐವತ್ತು ದಾಟುವ ಮೊದಲೇ ಹೃದಯಾಘಾತದಿಂದ ಹೋದವರು. ಅದನ್ನು ಯಾರೂ ಕೇಳಲಿಲ್ಲ, ಅವರ ಚೀಟಿಯಲ್ಲಿ ಬರೆಯಲೂ ಇಲ್ಲ. ಬೀಡಿ ಮುಟ್ಟದ ಮನುಷ್ಯ, ತನಗೇನೂ ಆಗದು ಅಂತಲೇ ಇದ್ದಾರೆ.

ಆದರೆ ಹೃದಯದ ಅಪಾಯ ವಂಶದಿಂದಲೂ ಬರಬಹುದು. ಲಿಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣ ರಕ್ತದಲ್ಲಿ ಎಷ್ಟಿರುತ್ತದೆ ಎಂಬುದು ಬಹುಪಾಲು ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ. ತುಪ್ಪ, ತೆಂಗಿನೆಣ್ಣೆ ಬಿಟ್ಟರೂ ಅದು ಅಷ್ಟಾಗಿ ಇಳಿಯುವುದಿಲ್ಲ. ಮಾಮೂಲಿ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಬೇರೆಯಾಗಿ ಕಾಣುವುದೂ ಇಲ್ಲ. ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕು. ಒಂದು ಡೆಸಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ದಾಟಿದ್ದರೆ ಹೃದಯಾಘಾತದ ಅಪಾಯ ಜಾಸ್ತಿ. ಆಗ ಬಿಪಿ, ಶುಗರ್, ಉಳಿದ ಕೊಲೆಸ್ಟ್ರಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬಹುದು, ಅಲ್ವಾ?

ವಂಶದಿಂದ ಬರುವ ಇನ್ನೊಂದು ಅಪಾಯ ನಮ್ಮ ಉಪಖಂಡದ್ದೇ. ಹೃದಯದ ಸ್ನಾಯುವಿಗೆ ಬೇಕಾದ ಜೀನ್ ಒಂದರಲ್ಲಿ ಡಿಎನ್‌ಎಯ 25 ಅಕ್ಷರಗಳ ತುಂಡು ಇಲ್ಲದವರು ಇಲ್ಲಿ ಸುಮಾರು ಶೇ. 4ರಷ್ಟು ಎಂದು 2009ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳಿದ್ದ ತಂಡ ವರದಿ ಮಾಡಿತು. ಯೌವನದಲ್ಲಿ ಸುಮ್ನಿದ್ದು, ವಯಸ್ಸಾದಂತೆ ತೊಂದರೆ ಕೊಡಬಹುದಾದದ್ದು.

ಇಲ್ಲಿನ ಪಂಚಾಯತುಗಳು ಶಿಬಿರದ ಫಾರ್ಮಿನಲ್ಲಿ ಕುಟುಂಬದವರ ಹೃದಯ ಕಾಯಿಲೆ, ಅದು ಬಂದ ವಯಸ್ಸು ಬರೆಯಲು ಒಂದು ಸಾಲು ಸೇರಿಸಲಿ, ಕನ್ನಡದಲ್ಲೂ ಇರಲಿ. ಚಿಕ್ಕ ವಯಸ್ಸಲ್ಲೇ ಹೃದಯಾಘಾತ ಕಂಡ ಮನೆಗಳವರಿಗಾದರೂ ಲಿಪೊಪ್ರೋಟೀನ್-ಎ ಪರೀಕ್ಷೆ ಉಚಿತವಾಗಿ ಸಿಗಲಿ.

– ಓದುಗ, ಬದಿಯಡ್ಕ