ಕಿತ್ತೂರು ಅರಮನೆಗೆ ನಕಲು ಬೇಡ, ಇರುವ ಗೋಡೆ ಉಳಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಚನ್ನಮ್ಮನ ಕಿತ್ತೂರು ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ಅರಮನೆಯ ಪ್ರತಿರೂಪ ಕಟ್ಟುವ ಮಾತು ಕೆಲವು ವರ್ಷಗಳಿಂದ ನಡೆದೇ ಇದೆ. 2022ರಲ್ಲಿ ಅದು ಹತ್ತಿರದ ಬಚ್ಚನಕೇರಿ ಊರಲ್ಲಿ ಆಗಬೇಕೋ ಕಿತ್ತೂರಲ್ಲೇ ಆಗಬೇಕೋ ಎಂದು ದೊಡ್ಡ ತಕರಾರೇ ಎದ್ದಿತ್ತು. ಎಲ್ಲಿ ಕಟ್ಟಬೇಕು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಿಜವಾದ ಅರಮನೆಯಲ್ಲಿ ಉಳಿದಿರುವುದನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ?

ಕೋಟೆಯೊಳಗೆ ಈಗ ಇರುವುದು ಚಾವಣಿ ಇಲ್ಲದ ಗೋಡೆಗಳು. ಆದರೆ ಅವು ಮೂಕ ಗೋಡೆಗಳಲ್ಲ. ಸ್ನಾನದ ಕೋಣೆಗಳು, ನೀರು ಹರಿದು ಬರುತ್ತಿದ್ದ ಕೊಳವೆಗಳು, ದರ್ಬಾರು ನಡೆಯುತ್ತಿದ್ದ ಜಾಗ, ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಕೂಡಿಸಿದ ಕಿಂಡಿ, ಎಲ್ಲ ಇನ್ನೂ ಗುರುತಿಗೆ ಸಿಗುತ್ತವೆ. ಆ ಕಿಂಡಿ ಕೂಡಿಸಲು ದಿಕ್ಕನ್ನೂ ಕೋನವನ್ನೂ ಸರಿಯಾಗಿ ಲೆಕ್ಕ ಹಾಕಿದ ಕೆಲಸಗಾರರು ಬೇಕಾಗಿತ್ತು. ನಕಲು ಕಟ್ಟಡದಲ್ಲಿ ಕಿಂಡಿಯನ್ನು ಮತ್ತೆ ಮಾಡಬಹುದು, ಆ ಕೈಗಳ ಗುರುತನ್ನು ಎಲ್ಲಿಂದ ತರುವುದು?

ಈ ಮನೆಯ ಕಥೆ ಚನ್ನಮ್ಮನಿಂದ ಶುರುವಾಗುವುದಿಲ್ಲ ಅಲ್ವಾ? 1585ರ ಹೊತ್ತಿಗೆ ವಿಜಾಪುರದ ಸೈನ್ಯದ ಜೊತೆ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರಿಂದ ಮನೆತನ ಬೆಳೆಯಿತು. ಮೊದಲು ಸಂಪಗಾವಿಯಲ್ಲಿದ್ದವರು 17ನೇ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿಯ ಕಾಲಕ್ಕೆ ಕಿತ್ತೂರಿಗೆ ಬಂದರು. ಕೋಟೆ ಕಟ್ಟಿಸಿದ್ದೂ ಅವನೇ. ದೇಸಾಯಿ ಅಂದರೆ ಸುಮ್ನೆ ಜಮೀನ್ದಾರನಲ್ಲ. ಕಂದಾಯ ಎತ್ತುವವನು, ನ್ಯಾಯ ಹೇಳುವವನು, ಬೇಕಾದಾಗ ಕುದುರೆ, ಕಾಲಾಳು ಕೂಡಿಸಿ ಯುದ್ಧಕ್ಕೆ ಹೋಗುವವನು. ಅದಕ್ಕೇ ಅವನ ವಾಡೆಗೆ, ಅಂದರೆ ಕೋಟೆಯಂಥ ಮನೆಗೆ, ಗೋಡೆ, ಕಂದಕ, ದೊಡ್ಡ ಬಾಗಿಲು. ಖಜಾನೆ, ಕಚೇರಿ, ಸಂಸಾರ ಎಲ್ಲ ಒಳಗೇ.

ಮೇಲಿನ ಅಧಿಕಾರ ಬದಲಾಗುತ್ತಲೇ ಹೋಯಿತು. ವಿಜಾಪುರ, ಮೊಗಲರು, ಸವಣೂರು, ಪೇಶ್ವೆ, ಮೈಸೂರು. ಚನ್ನಮ್ಮನ ಗಂಡ ಮಲ್ಲಸರ್ಜ ದೇಸಾಯಿ ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದ. ಮುಂದೆ ಪೇಶ್ವೆಯೂ ಅವನನ್ನು ಹಿಡಿದಿಟ್ಟ. 1816ರಲ್ಲಿ ತೀರಿಕೊಂಡ. ಪೇಶ್ವೆ ವಿರುದ್ಧದ ಯುದ್ಧದಲ್ಲಿ ಅವನ ಮಗ ಶಿವಲಿಂಗರುದ್ರಸರ್ಜ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ನೆರವಾದ. ಇದನ್ನು ಉತ್ಸವದ ಭಾಷಣಗಳಲ್ಲಿ ಜಾಸ್ತಿ ಯಾರೂ ಹೇಳುವುದಿಲ್ಲ. ಹೇಳಬೇಕು. ನೆರವು ಪಡೆದ ಕಂಪನಿಯೇ ಕೆಲವೇ ವರ್ಷಗಳಲ್ಲಿ ಅದೇ ಮನೆಯ ಖಜಾನೆಗೆ ಮೊಹರು ಹಾಕಿತು ಎಂದು ತಿಳಿದರೇ ಚನ್ನಮ್ಮನ ಸಿಟ್ಟು ಪೂರ್ತಿ ಅರ್ಥವಾಗುವುದು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಮಗ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಕಂಪನಿಯ ಅಧಿಕಾರಿಗಳಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಯಾದರು. ಈ ಎಲಿಯಟ್ ಮುಂದೆ ಕರ್ನಾಟಕದ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿ ಕೂಡಿಟ್ಟ. ಚಾಲುಕ್ಯರ ಇತಿಹಾಸ ಬರೆದವರಿಗೆ ಆ ಸಂಗ್ರಹ ದೊಡ್ಡ ಆಧಾರವಾಯಿತು. ಈ ಕೋಟೆಯ ಸೆರೆಯಾಳು ನಮ್ಮ ಶಾಸನಗಳ ಸಂಗ್ರಹಕಾರನಾದ ಕಥೆ ಕೋಟೆಯಲ್ಲೇ ದೊಡ್ಡ ಅಕ್ಷರದಲ್ಲಿ ಕಾಣಬೇಕು.

ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅರಮನೆ ಪಾಳು ಬಿತ್ತು. ಆ ಪಾಳು ಕೂಡ ಇತಿಹಾಸವೇ. ಒಂದು ಮನೆತನದ ವಾಡೆಯನ್ನು ಕಂಪನಿ ಏನು ಮಾಡಿತು ಎಂಬುದಕ್ಕೆ ಆ ಗೋಡೆಗಳೇ ಸಾಕ್ಷಿ. ಹೊಸದಾಗಿ ಬಣ್ಣ ಬಳಿದ ಅರಮನೆ ಈ ಸಾಕ್ಷಿ ಹೇಳಲಾರದು.

ಆದ್ದರಿಂದ ಶಾಸಕರೇ, ಪ್ರತಿರೂಪಕ್ಕೆ ಎಂದು ಎತ್ತಿಡುವ ಹಣದ ಮೊದಲ ಪಾಲು ಈ ಗೋಡೆಗಳಿಗೆ ಸಿಗಲಿ. ಸಿಮೆಂಟಿನ ತೇಪೆ ಮಾತ್ರ ಬೇಡ. ಹಳೇ ಗಾರೆ ಗೋಡೆಯ ಒಳಗಿನ ತೇವ ಹೊರಗೆ ಹೋಗಬೇಕು, ಸಿಮೆಂಟು ಅದನ್ನು ತಡೆಯುತ್ತದೆ, ಆಮೇಲೆ ಗೋಡೆ ಒಳಗಿಂದಲೇ ಉದುರುತ್ತದೆ. ಸುಣ್ಣದ ಗಾರೆ ಗೊತ್ತಿರುವ ಕೆಲಸಗಾರರನ್ನು ಕರೆಸಿ. ಪ್ರತಿ ಕೋಣೆಯ ಎದುರು ಅದು ಏನಾಗಿತ್ತು ಎಂದು ಕನ್ನಡದಲ್ಲಿ ಬರೆಸಿ. ಮಲ್ಲಶೆಟ್ಟಿ ಅಣ್ಣತಮ್ಮಂದಿರಿಂದ ಶಿವಲಿಂಗಪ್ಪನವರೆಗಿನ ವಂಶಾವಳಿ ಬಾಗಿಲಲ್ಲೇ ಇರಲಿ.

ಇನ್ನೊಂದು ಕೆಲಸವೂ ಇದೆ. ಈ ಭಾಗದಲ್ಲಿ ದೇಸಗತಿ, ಅಂದರೆ ದೇಸಾಯಿ, ಮನೆತನಗಳ ವಾಡೆಗಳು ಕಿತ್ತೂರಿನದು ಒಂದೇ ಅಲ್ಲ. ಶಿರಸಂಗಿಯ ದೇಸಾಯಿ ಲಿಂಗರಾಜರು ತಮ್ಮ ಆಸ್ತಿಯನ್ನೇ ಮಕ್ಕಳ ಓದಿಗೆ ಬಿಟ್ಟು ಹೋದವರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಅಂಥ ಮನೆಗಳು ರಾಜ್ಯದ 1961ರ ಸ್ಮಾರಕ ಕಾಯ್ದೆಯಡಿ ಘೋಷಣೆಯಾಗದಿದ್ದರೆ ಆ ಕಾಯ್ದೆಯ ಆಸರೆ ಸಿಗುವುದಿಲ್ಲ. ಯಾವ ವಾಡೆ ಘೋಷಣೆಯಾಗಿದೆ, ಯಾವುದು ಆಗಿಲ್ಲ ಎಂದು ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಪಟ್ಟಿ ಮಾಡಿಸಿ, ಆ ಪಟ್ಟಿಯನ್ನು ಮುಂದಿನ ಕಿತ್ತೂರು ಉತ್ಸವದ ವೇದಿಕೆಯಲ್ಲೇ ಜನರ ಮುಂದೆ ಇಡಿ.

ಇಂತಿ,
ಕಿತ್ತೂರು ನಾಡಿನ ಒಬ್ಬ ಮತದಾರ